ಭೂಗೋಳ ವಿಭಾಗದ ಒಳಜಗಳ

ಹೆಂಡತಿ: ಒಂದು ಕೈಯಲ್ಲಿ ಚಪ್ಪಾಳೆ ಆಗಲ್ಲ ಅಂತಾರೆ. ನೀವು ಆ ಗಾದೇನೂ ಸುಳ್ಳು ಮಾಡಿಬಿಟ್ರಲ್ರೀ! ಹನ್ನೊಂದು ಪುಟ ಚಪ್ಪಾಳೆ!

ಮೇಷ್ಟ್ರು: ಮೆತ್ತಗೆ ಮಾತಾಡು. ಪಕ್ಕದ ಮನೆಯವರಿಗೆ ಕೇಳಿಸುತ್ತೆ.

ಹೆಂಡತಿ: ಕೇಳಿಸ್ಲಿ. ತನ್ನ ಮೇಲೆ ತಾನೇ ದೂರು ಬರೆದು, ಆ ದೂರಿಗೆ ತಾನೇ ಉತ್ತರ ಕೊಟ್ಟು, ಆ ಉತ್ತರ ಉದ್ಧಟತನದ್ದು ಅಂತ ತಾನೇ ಷರಾ ಹಾಕಿಕೊಂಡ ಮನುಷ್ಯನ್ನ ಅವರೂ ಒಂದ್ಸಲ ಕಣ್ಣಾರೆ ನೋಡ್ಲಿ.

ಮೇಷ್ಟ್ರು: ನೋಡು, ಅದೆಲ್ಲ ಫಾರಂ ಮಾಡಿದ ಕೆಲಸ. ನನ್ನದೇನೂ ಇಲ್ಲ.

ಸಂಜೆಯ ಹೊತ್ತು. ಊಟದ ಮೇಜಿನ ಒಂದು ತುದಿಯಲ್ಲಿ ಬೀನ್ಸಿನ ರಾಶಿ, ಇನ್ನೊಂದು ತುದಿಯಲ್ಲಿ ಕಂದು ರಟ್ಟಿನ ಫೈಲು. ಹೆಂಡತಿ ಎರಡನ್ನೂ ಒಂದೇ ಕಣ್ಣಿನಿಂದ ನೋಡುತ್ತಿದ್ದರು: ಎರಡರಲ್ಲೂ ನಾರು ತೆಗೆಯುವುದಿತ್ತು.

ಗಂಡ ಹೆಂಡತಿ ಇಬ್ಬರೂ ಒಂದೇ ಹೈಸ್ಕೂಲಿನಲ್ಲಿ ಪಾಠ ಹೇಳುವವರು. ಇಬ್ಬರೂ ತಂತಮ್ಮ ವಿಭಾಗಕ್ಕೆ ಮುಖ್ಯಸ್ಥರು. ಹಾಗೆಂದು ತಕ್ಕಡಿಯ ಎರಡೂ ತಟ್ಟೆ ಸಮ ಎಂದುಕೊಳ್ಳಬೇಡಿ. ಆಕೆ ಗಣಿತ ವಿಭಾಗಕ್ಕೆ ಮುಖ್ಯಸ್ಥೆ. ಕೈಕೆಳಗೆ ಐದು ಜನ. ಮೇಷ್ಟ್ರು ಭೂಗೋಳ ವಿಭಾಗಕ್ಕೆ ಮುಖ್ಯಸ್ಥರು; ಕೈಕೆಳಗೆ ಅವರದೇ ಎರಡು ಕಾಲು. ಹದಿನಾಲ್ಕು ವರ್ಷದ ಹಿಂದೆ ಅಂದಿನ ಹೆಡ್ ಮಾಸ್ತರು “ಪ್ರತಿ ವಿಷಯಕ್ಕೂ ಒಂದು ವಿಭಾಗ, ಪ್ರತಿ ವಿಭಾಗಕ್ಕೂ ಒಬ್ಬ ಮುಖ್ಯಸ್ಥ” ಎಂದು ಅಪ್ಪಣೆ ಕೊಡಿಸಿದಾಗ, ಭೂಗೋಳಕ್ಕೆ ಇದ್ದವರು ಒಬ್ಬರೇ ಆದ್ದರಿಂದ ಆಯ್ಕೆ ಬಹಳ ಶಾಂತವಾಗಿ ನಡೆಯಿತು. ಅಂದಿನಿಂದ ಮೆಟ್ಟಿಲ ಕೆಳಗಿನ ಸಣ್ಣ ಕೋಣೆ, ತೋಳಿರುವ ಒಂದು ಕುರ್ಚಿ, ನಕ್ಷೆಗಳ ಬೀರು, ಬೀರುವಿನ ಕೀಲಿಕೈ, ಬಾಗಿಲಿಗೆ ‘ಮುಖ್ಯಸ್ಥರು’ ಎಂಬ ಮರದ ಹಲಗೆ, ಇಷ್ಟೂ ಮೇಷ್ಟ್ರ ಸಾಮ್ರಾಜ್ಯ. ಹಲಗೆಯನ್ನು ದಿನಾ ಬೆಳಗ್ಗೆ ಕರ್ಚೀಫಿನಿಂದ ಒರೆಸುತ್ತಿದ್ದರು. ಯಾರಾದರೂ ನೋಡಿಬಿಟ್ಟರೆ, “ಈ ಕಡೆ ಧೂಳು ಜಾಸ್ತಿ” ಎನ್ನುತ್ತಿದ್ದರು.

ಹೆಂಡತಿ: ಫಾರಂ ಏನು ನಿಮ್ಮ ಕೈ ಹಿಡಿದು ಬರೆಸ್ತಾ?

ಮೇಷ್ಟ್ರು: ಬರೆಸ್ತು ಅಂತಲೇ ಹೇಳ್ತಿರೋದು. ಹಿಂದಿನ ಹೆಡ್ ಮಾಸ್ತರ ಕಾಲದಲ್ಲಿ ಈ ವರ್ಷದ ಫಾರಮ್ಮಲ್ಲಿ ಏನಿರ್ತಿತ್ತು? ಶಿಕ್ಷಕರ ಕುಂದುಕೊರತೆ: ಇಲ್ಲ. ಮುಖ್ಯಸ್ಥರ ಅಭಿಪ್ರಾಯ: ತೃಪ್ತಿಕರ. ಎರಡು ಸಹಿ. ಮುಗೀತು. ಈ ಹೊಸ ಹೆಡ್ ಮೇಡಂ ಬಂದು ಎರಡು ತಿಂಗಳಾಗಿಲ್ಲ, ಕೆಂಪು ಶಾಯೀಲಿ ಬರೆದು ವಾಪಸ್ ಕಳಿಸಿದ್ರು: “ಎಲ್ಲವೂ ತೃಪ್ತಿಕರವಾಗಿರುವ ವಿಭಾಗವನ್ನು ನಾನು ಈವರೆಗೆ ಕಂಡಿಲ್ಲ. ಪ್ರಾಮಾಣಿಕವಾಗಿ ತುಂಬಿ.”

ಹೆಂಡತಿ: ಅದು ಎಲ್ಲರಿಗೂ ಬಂತು. ನನ್ನ ಐದು ಜನಕ್ಕೂ ಬಂತು. ನಾವೇನು ಮಾಡಿದ್ವಿ? ‘ತೃಪ್ತಿಕರ’ ಹೊಡೆದುಹಾಕಿ ‘ಸಾಕಷ್ಟು ತೃಪ್ತಿಕರ’ ಅಂತ ಬರೆದ್ವಿ. ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ.

ಮೇಷ್ಟ್ರು: ನನಗೆ ಆ ಬುದ್ಧಿ ಹೊಳೀಲಿಲ್ಲ. ಪ್ರಾಮಾಣಿಕವಾಗಿ ಅಂತ ಇತ್ತು, ಪ್ರಾಮಾಣಿಕವಾಗಿ ತುಂಬಿದೆ.

ಹೆಂಡತಿ: ಓದ್ತೀನಿ, ನಿಮ್ಮ ಪ್ರಾಮಾಣಿಕತೆ ನೀವೇ ಕೇಳಿ. ಮುಖ್ಯಸ್ಥರ ಅಭಿಪ್ರಾಯ. “ಈ ಶಿಕ್ಷಕರು ಸದಾ ಪಾಠ ಮುಗಿಸುವ ಅವಸರದಲ್ಲಿರುತ್ತಾರೆ. ಮಕ್ಕಳು ಪ್ರಶ್ನೆ ಕೇಳಿದರೆ ಗಡಿಯಾರ ನೋಡುತ್ತಾರೆ. ಹಲವು ಬಾರಿ ಬುದ್ಧಿ ಹೇಳಿದರೂ ಪ್ರಯೋಜನವಾಗಿಲ್ಲ.” ಯಾವಾಗ ಹೇಳಿದ್ರಿ ಬುದ್ಧಿ?

ಮೇಷ್ಟ್ರು: ಗಡ್ಡ ಕೆರ್ಕೊಳ್ಳುವಾಗ. ಕನ್ನಡಿ ಮುಂದೆ.

ಹೆಂಡತಿ: ಸರಿ, ಅಲ್ಲಿಗೆ ನಿಲ್ಲಿಸಬಾರದಿತ್ತಾ?

ಮೇಷ್ಟ್ರು: ಹೇಗೆ ನಿಲ್ಲಿಸಲಿ? ಅದರ ಕೆಳಗೇ ಅಚ್ಚು ಹಾಕಿಸಿದ್ದಾರೆ, ‘ಶಿಕ್ಷಕರ ಉತ್ತರ’ ಅಂತ. ಖಾಲಿ ಬಿಟ್ರೆ ಒಪ್ಪಿಕೊಂಡ ಹಾಗೆ. ನನ್ನ ಬಗ್ಗೆ ಒಬ್ಬರು ಅಷ್ಟು ಬರೆದ ಮೇಲೆ ಬಾಯಿ ಮುಚ್ಕೊಂಡಿರೋಕಾಗುತ್ತಾ? ನನಗೂ ಮಾನ ಮರ್ಯಾದೆ ಇಲ್ವಾ?

ಹೆಂಡತಿ: ಬರೆದೋರು ನೀವೇ ಅಲ್ವೇನ್ರೀ!

ಮೇಷ್ಟ್ರು: ಬರೆಯುವಾಗ ಮುಖ್ಯಸ್ಥ ಆಗಿದ್ದೆ. ಓದುವಾಗ ಶಿಕ್ಷಕ ಆಗಿದ್ದೆ. ಓದಿದ್ರೆ ಮೈಯೆಲ್ಲ ಉರೀತು ಕಣೇ.

ಹೆಂಡತಿ: ಉರಿದಿದ್ದು ಕಾಣಿಸ್ತಿದೆ. “ಮುಖ್ಯಸ್ಥರು ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿಲ್ಲ. ತೋಳಿನ ಕುರ್ಚಿಯಲ್ಲಿ ಕೂರುವುದು, ಎದ್ದರೆ ಹಲಗೆ ಒರೆಸುವುದು, ಇದೇ ಅವರ ಆಡಳಿತ.”

ಮೇಷ್ಟ್ರು: ಅದು ಸ್ವಲ್ಪ ಜಾಸ್ತಿ ಆಯ್ತು. ಅದಕ್ಕೇ ಮರುಟಿಪ್ಪಣಿಯಲ್ಲಿ ಖಂಡಿಸಿದೆ.

ಹೆಂಡತಿ: ಖಂಡಿಸಿಲ್ಲ, ಬೆದರಿಕೆ ಹಾಕಿದ್ದೀರಿ. “ಇಂಥ ಭಾಷೆ ಮುಂದುವರಿದರೆ ಮೇಲಿನವರ ಗಮನಕ್ಕೆ ತರಲಾಗುವುದು.” ತಂದ್ರಿ. ಮೇಲಿನವರ ಗಮನಕ್ಕೆ ಬಂತು. ಈಗ ಸಂತೋಷಾನಾ?

ಬಂದದ್ದು ಹೀಗೆ. ಆ ಫಾರಮ್ಮಿನಲ್ಲಿ ಹೆಸರು ಬರೆಯುವ ಜಾಗವಿಲ್ಲ. ಶಿಕ್ಷಕರ ಭಾಗದಲ್ಲಿ ನೌಕರಿಯ ಸಂಖ್ಯೆ, ಮುಖ್ಯಸ್ಥರ ಭಾಗದಲ್ಲಿ ಹುದ್ದೆ ಮಾತ್ರ. ಸಹಿಗಳಾದರೂ ಒಂದೇ ಇದ್ದವೇ? ಅದೂ ಇಲ್ಲ. ಶಿಕ್ಷಕರಾಗಿ ಹಾಕುವ ಸಹಿ ಗಿಡ್ಡ, ಅವಸರದ್ದು. ಮುಖ್ಯಸ್ಥರಾದ ಹೊಸತರಲ್ಲಿ ಹಳೆಯ ನೋಟ್‌ಬುಕ್ಕುಗಳ ಹಿಂದೆ ತಿಂಗಳುಗಟ್ಟಲೆ ತಿದ್ದಿ ಇನ್ನೊಂದು ಸಹಿ ಸಾಧಿಸಿಕೊಂಡಿದ್ದರು. ಅದಕ್ಕೆ ಬಾಲ, ಬಾಲಕ್ಕೆ ಗಂಟು, ಗಂಟಿನ ಕೆಳಗೆ ಎರಡು ಚುಕ್ಕೆ. ಹೀಗಾಗಿ ಫೈಲಿನ ಮೇಲೆ ಈಗ ಒಂದು ಆದೇಶ ಅಂಟಿತ್ತು: “ಭೂಗೋಳ ವಿಭಾಗದ ಮುಖ್ಯಸ್ಥರಿಗೂ ಶಿಕ್ಷಕರಿಗೂ ತೀವ್ರ ಮನಸ್ತಾಪವಿರುವುದು ಕಂಡುಬಂದಿದೆ. ಗಣಿತ ವಿಭಾಗದ ಮುಖ್ಯಸ್ಥರು ಉಭಯತರನ್ನೂ ವಿಚಾರಿಸಿ ನಾಳೆ ಬೆಳಗ್ಗೆ ಇಬ್ಬರ ಸಮಕ್ಷಮ ವರದಿ ಒಪ್ಪಿಸತಕ್ಕದ್ದು. ಜಗಳ ಬಗೆಹರಿಯದಿದ್ದಲ್ಲಿ ಈ ವಿಭಾಗವನ್ನು ಇತಿಹಾಸ ವಿಭಾಗಕ್ಕೆ ಸೇರಿಸಲಾಗುವುದು.”

ಆ ಕೊನೆಯ ಸಾಲು ಮೇಷ್ಟ್ರ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಇತಿಹಾಸದ ಮುಖ್ಯಸ್ಥರಿಗೆ ಮಕ್ಕಳಿಟ್ಟ ಹೆಸರು ಇಸವಿ ಮೇಷ್ಟ್ರು. ಮೆಟ್ಟಿಲ ಕೆಳಗಿನ ಕೋಣೆಯ ಮೇಲೆ ಅವರಿಗೆ ಬಹಳ ದಿನದಿಂದ ಕಣ್ಣು. ವಾರ್ಷಿಕೋತ್ಸವದ ನಾಟಕಕ್ಕೆ ಮಾಡಿಸಿದ ರಟ್ಟಿನ ಕತ್ತಿ, ಗುರಾಣಿ, ಕಿರೀಟಗಳನ್ನು ಇಡಲು ಅವರಿಗೆ ಜಾಗವಿರಲಿಲ್ಲ.

ಮೇಷ್ಟ್ರು: ಇಬ್ಬರೂ ಒಬ್ಬನೇ ಅಂತ ಹೆಡ್ ಮೇಡಂಗೆ ನೀನೇ ಹೇಳ್ಬಾರದಿತ್ತಾ?

ಹೆಂಡತಿ: ಹೇಳೋಣ ಅಂತ ಬಾಯಿ ತೆಗೆದೆ. “ಅವರಿಬ್ಬರನ್ನೂ ನೀವು ಬಲ್ಲಿರಾ?” ಅಂದ್ರು. “ಒಬ್ಬರನ್ನ ಚೆನ್ನಾಗಿ ಬಲ್ಲೆ” ಅಂದೆ. “ಆ ಶಿಕ್ಷಕರು ಮಹಾ ಬಾಯಿಬಡುಕರು ಅನ್ಸುತ್ತೆ, ಮುಖ್ಯಸ್ಥರಿಗೆ ಮಹಾ ಕೊಬ್ಬು” ಅಂದ್ರು. ಅಂಥ ಇಬ್ಬರನ್ನೂ ಒಟ್ಟಿಗೆ ಕಟ್ಟಿಕೊಂಡಿದ್ದೀನಿ ಅಂತ ಹೇಳೋಕೆ ನಾಚಿಕೆ ಆಯ್ತು.

ಮೇಷ್ಟ್ರು: ಈಗೇನು ಮಾಡೋದು?

ಹೆಂಡತಿ: ವಿಚಾರಣೆ. ಬನ್ನಿ, ಕೂತ್ಕೊಳ್ಳಿ.

ಮೇಷ್ಟ್ರು: ಕೂತಿದ್ದೀನಲ್ಲ.

ಹೆಂಡತಿ: ಇದು ಶಿಕ್ಷಕರ ಕುರ್ಚಿ. ಮುಖ್ಯಸ್ಥರದ್ದು ಅದು, ಕಿಟಕಿ ಪಕ್ಕದ್ದು. ಒಂದೇ ಕುರ್ಚಿಯಲ್ಲಿ ಕೂತು ಎರಡು ಬಾಯಲ್ಲಿ ಮಾತಾಡಿದ್ರೆ ಯಾರ ಹೇಳಿಕೆ ಅಂತ ಬರ್ಕೊಳ್ಳಲಿ?

ಮೇಷ್ಟ್ರು: ನೀನೂ ಅವರ ಜೊತೆ ಸೇರ್ಕೊಂಡ್ಯಾ?

ಹೆಂಡತಿ: ‘ನೀವು’ ಅನ್ನಿ. ಇದು ಅಧಿಕೃತ ವಿಚಾರಣೆ. ಕೈಗೆ ಬೀನ್ಸ್ ತಗೊಳ್ಳಿ, ನಾರು ತೆಗೀತಾ ಉತ್ತರ ಕೊಡಿ. ಮೊದಲು ಮುಖ್ಯಸ್ಥರು.

ಮೇಷ್ಟ್ರು ಒಂದು ಹಿಡಿ ಬೀನ್ಸ್ ಹಿಡಿದುಕೊಂಡು ಕಿಟಕಿ ಪಕ್ಕಕ್ಕೆ ಹೋಗಿ ಕೂತರು. ಕೂತ ಕೂಡಲೇ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಅದು ಅವರಿಗೇ ಗೊತ್ತಾಗಿ, ಸ್ವಲ್ಪ ನಾಚಿಕೆಯೂ ಆಯಿತು.

ಹೆಂಡತಿ: ಮುಖ್ಯಸ್ಥರೇ, ಶಿಕ್ಷಕರ ಮೇಲೆ ನಿಮ್ಮ ದೊಡ್ಡ ದೂರೇನು?

ಮೇಷ್ಟ್ರು: ನಕ್ಷೆ ಪಾಠಕ್ಕೆ ನಕ್ಷೆ ತಗೊಂಡು ಹೋಗಲ್ಲ ಮೇಡಂ. ಕೈ ಬೀಸ್ಕೊಂಡು ಹೋಗಿ, “ಇಲ್ಲೊಂದು ಸಮುದ್ರ ಇದೆ ಅಂದ್ಕೊಳ್ಳಿ” ಅಂತಾರೆ.

ಹೆಂಡತಿ: ಈ ಕಡೆ ಬನ್ನಿ. ಶಿಕ್ಷಕರೇ, ಇದು ನಿಜಾನಾ?

ಮೇಷ್ಟ್ರು ಎದ್ದು ಬಂದು ಮೊದಲಿನ ಕುರ್ಚಿಯಲ್ಲಿ ಕೂತರು. ಇಲ್ಲಿ ಬೆನ್ನು ಬಾಗಿತು.

ಮೇಷ್ಟ್ರು: ನಿಜ ಮೇಡಂ. ನಕ್ಷೆ ಬೀರುವಿನಲ್ಲಿದೆ. ಬೀರುವಿನ ಕೀಲಿಕೈ ಮುಖ್ಯಸ್ಥರ ಹತ್ರ. ಅವರು ಅದನ್ನ ದಿನಾ ಮನೇಲಿ ಮರೆತು ಬರ್ತಾರೆ. ನಾನು ಸಮುದ್ರ ಎಲ್ಲಿಂದ ತರ್ಲಿ?

ಹೆಂಡತಿ: ಆ ಕಡೆ. ಮುಖ್ಯಸ್ಥರೇ, ಇದಕ್ಕೇನಂತೀರಿ?

ಮೇಷ್ಟ್ರು: ಮರೆಯೋದು ನನ್ನ ತಪ್ಪಲ್ಲ ಮೇಡಂ. ಹೊರಡೋ ಹೊತ್ತಿಗೆ ಮನೇಲಿ ಹೆಂಡತಿ ಬೆಂಕಿ ಬಿದ್ದ ಹಾಗೆ ಅವಸರ ಮಾಡ್ತಾಳೆ.

ಹೆಂಡತಿ: ಆ ಬಡಪಾಯಿ ಹೆಂಗಸನ್ನ ಇದಕ್ಕೆ ಎಳೀಬೇಡಿ. ಇದು ನಿಮ್ಮಿಬ್ಬರ ನಡುವಿನ ವಿಷಯ. ಈ ಕಡೆ ಬನ್ನಿ.

ಮೇಷ್ಟ್ರು: ಮೊಣಕಾಲು ಕಟಕಟ ಅಂತಿದೆ ಕಣೇ.

ಹೆಂಡತಿ: ಯಾರದ್ದು?

ಮೇಷ್ಟ್ರು: ಇಬ್ಬರದ್ದೂ.

ಆಕೆ ನಗಲಿಲ್ಲ. ಪುಟ ತಿರುವಿದರು. ಆರನೆಯ ಪುಟದ ಹತ್ತಿರ ಬೆರಳು ನಿಂತಿತು. ಒಮ್ಮೆ ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ಗಟ್ಟಿಯಾಗಿ ಓದಿದರು.

ಹೆಂಡತಿ: “ನದಿಯ ತಿರುವುಗಳ ಪಾಠವನ್ನು ಊರ ಹೊರಗಿನ ಗುಡ್ಡದ ಮೇಲೆ, ನದಿಯನ್ನೇ ತೋರಿಸಿ ಮಾಡಲು ಒಂಬತ್ತು ವರ್ಷದಿಂದ ವರ್ಷಕ್ಕೊಂದು ಅರ್ಜಿ ಕೊಟ್ಟಿದ್ದೇನೆ. ಮುಖ್ಯಸ್ಥರು ಒಂಬತ್ತನ್ನೂ ತಿರಸ್ಕರಿಸಿದ್ದಾರೆ.” ಇದು ನನಗೆ ಗೊತ್ತೇ ಇಲ್ಲ. ನಿಜವಾಗ್ಲೂ ಅರ್ಜಿ ಬರೆದ್ರಾ?

ಮೇಷ್ಟ್ರು: ಬರೆದೆ. ಬೀರುವಿನಲ್ಲಿವೆ.

ಹೆಂಡತಿ: ತಿರಸ್ಕಾರ ಅಂತ ಬರೆದಿದ್ದು?

ಮೇಷ್ಟ್ರು: ಆ ಕುರ್ಚಿಗೆ ಹೋಗಲಾ?

ಹೆಂಡತಿ: ಬೇಡ. ಇಲ್ಲೇ ಕೂತು ಹೇಳಿ.

ಮೇಷ್ಟ್ರು: ಐವತ್ತು ಮಕ್ಕಳು. ಯಾರಾದ್ರೂ ಕಾಲು ಜಾರಿದ್ರೆ? ಮಳೆ ಬಂದ್ರೆ? ನಾಳೆ ಅಪ್ಪ ಅಮ್ಮ ಬಂದು, ಕಳಿಸಿದ್ದು ಯಾರು, ಸಹಿ ಯಾರದ್ದು ಅಂತ ಕೇಳ್ತಾರೆ. ಬಾಲ ಇರೋ ಸಹಿ ನೋಡು, ದೂರದಿಂದಲೇ ಗುರುತು ಸಿಗುತ್ತೆ. ಶಿಕ್ಷಕ ಆಗಿ ಕೂತಾಗ ಆಸೆ ಆಗುತ್ತೆ. ಮುಖ್ಯಸ್ಥ ಆಗಿ ಕೂತ ಕೂಡ್ಲೇ ಹೆದರಿಕೆ ಆಗುತ್ತೆ.

ಹೆಂಡತಿ: ಮತ್ತೆ ಪಾಠ ಹೇಗೆ ಮಾಡ್ತೀರಿ?

ಮೇಷ್ಟ್ರು: ಬೋರ್ಡ್ ಮೇಲೆ ಹಾವಿನ ಥರ ಒಂದು ಗೆರೆ ಎಳೀತೀನಿ. ಇದು ನದಿ ಅಂತೀನಿ. ಮಕ್ಕಳೂ ಹಾವಿನ ಥರ ಗೆರೆ ಎಳೆದು ಇದು ನದಿ ಅಂತ ಬರೀತಾರೆ. ಪೂರ್ತಿ ಅಂಕ ಕೊಡ್ತೀನಿ. ನದಿ ಇರೋದು ಶಾಲೆಯಿಂದ ಮುಕ್ಕಾಲು ಗಂಟೆ ನಡಿಗೆ.

ಹೆಂಡತಿ ಏನೋ ಬರೆದುಕೊಂಡರು. ಆಮೇಲೆ ಮತ್ತೆ ವಿಚಾರಣಾಧಿಕಾರಿಯ ಮುಖ ಹಾಕಿಕೊಂಡರು.

ಹೆಂಡತಿ: ಇಲ್ಲಿ ಸಹಿ ಹಾಕಿ. ಎರಡು ಕಡೆ.

ಮೇಷ್ಟ್ರು: ವರದಿಯಲ್ಲಿ ಏನು ಬರೀತೀಯ?

ಹೆಂಡತಿ: ಗೋಪ್ಯ.

ಮೇಷ್ಟ್ರು: ಕಟ್ಟಿಕೊಂಡ ಗಂಡನ ಹತ್ರ ಎಂಥ ಗೋಪ್ಯ? ಇಬ್ಬರೂ ರಾಜಿ ಆಗಿದ್ದಾರೆ ಅಂತ ಬರೆದುಬಿಡು. ನನ್ನ ಕೋಣೆ ಉಳಿಯುತ್ತೆ.

ಹೆಂಡತಿ: ರಾಜಿ ಆಗಿದ್ದೀರಾ?

ಮೇಷ್ಟ್ರು ಕಿಟಕಿ ಪಕ್ಕದ ಖಾಲಿ ಕುರ್ಚಿಯನ್ನು ಒಮ್ಮೆ ನೋಡಿದರು.

ಮೇಷ್ಟ್ರು: ಇನ್ನೂ ಇಲ್ಲ. ಮೊದಲು ಅವನು ಕ್ಷಮೆ ಕೇಳ್ಬೇಕು.

ಹೆಂಡತಿ: ಅವನು ಅಂದ್ರೆ ಯಾರು?

ಮೇಷ್ಟ್ರು: ಅದೇ ಗೊತ್ತಾಗ್ತಿಲ್ಲ.

ಮಾರನೆಯ ದಿನ ಮೊದಲ ಗಂಟೆ ಬಾರಿಸುವ ಮುಂಚೆಯೇ ಮೇಷ್ಟ್ರು ಹೆಡ್ ಮೇಡಂ ಕೋಣೆಯ ಮುಂದಿದ್ದರು. ಅಂದು ಕೀಲಿಕೈ ಮರೆತಿರಲಿಲ್ಲ. ಜೇಬಿನಲ್ಲಿ ಅದನ್ನು ಹಿಡಿದುಕೊಂಡೇ ಇದ್ದರು. ಬರುವ ದಾರಿಯಲ್ಲಿ ಮೆಟ್ಟಿಲ ಕೆಳಗೆ ಇಸವಿ ಮೇಷ್ಟ್ರು ಒಂದು ರಟ್ಟಿನ ಕತ್ತಿ ಹಿಡಿದು ಬಾಗಿಲಿನ ಅಗಲ ಅಳೆಯುತ್ತಿದ್ದುದನ್ನು ನೋಡಿ ಬಂದಿದ್ದರು. ಸುದ್ದಿಗೆ ಕಾಲು ಬೇಕೇ?

ಒಳಗೆ ಗಾಜು ಹಾಸಿದ ಮೇಜು. ಮೇಜಿನ ಆಚೆ ಹೆಡ್ ಮೇಡಂ, ಮೂಗಿನ ತುದಿಯಲ್ಲಿ ಕನ್ನಡಕ. ಈಚೆ ಎರಡು ಖಾಲಿ ಕುರ್ಚಿ. ಗೋಡೆಯ ಪಕ್ಕ, ವರದಿ ಹಿಡಿದು, ಗುರುತು ಪರಿಚಯವೇ ಇಲ್ಲದವರಂತೆ ಹೆಂಡತಿ.

ಹೆಡ್ ಮೇಡಂ: ಬನ್ನಿ. ಯಾರು ನೀವು?

ಮೇಷ್ಟ್ರು: ಭೂಗೋಳ ವಿಭಾಗ, ಮೇಡಂ.

ಹೆಡ್ ಮೇಡಂ: ಇಬ್ಬರನ್ನೂ ಬರೋಕೆ ಹೇಳಿದ್ದೆ. ಇನ್ನೊಬ್ಬರು?

ಮೇಷ್ಟ್ರು: ಬಂದಿದ್ದಾರೆ ಮೇಡಂ.

ಹೆಡ್ ಮೇಡಂ: ಎಲ್ಲಿ? ಹೊರಗೆ ನಿಂತಿದ್ದಾರಾ? ಒಳಗೆ ಕರೀರಿ.

ಮೇಷ್ಟ್ರು: ಒಳಗೇ ಇದ್ದಾರೆ ಮೇಡಂ. ಇನ್ನೂ ಒಳಗೆ ಕರೆಯೋಕಾಗಲ್ಲ.

ಹೆಡ್ ಮೇಡಂ: ಜಗಳ ಎಲ್ಲಿವರೆಗೆ ಮುಟ್ಟಿದೆ? ಮಾತು ಬಿಟ್ಟಿದ್ದೀರಾ?

ಮೇಷ್ಟ್ರು: ಬಿಡೋಕಾಗ್ತಿಲ್ಲ. ಅದೇ ತೊಂದರೆ ಆಗಿರೋದು.

ಹೆಡ್ ಮೇಡಂ: ಕೈ ಮಿಲಾಯಿಸೋ ಮಟ್ಟಕ್ಕೇನಾದ್ರೂ…?

ಮೇಷ್ಟ್ರು: ಒಂದೆರಡು ಸಲ ಹಣೆ ಚಚ್ಚಿಕೊಂಡಿದ್ದೀನಿ, ಅಷ್ಟೇ.

ಗೋಡೆಯ ಪಕ್ಕದಿಂದ ಒಂದು ಕೆಮ್ಮು ಕೇಳಿಸಿತು. ಮೇಷ್ಟ್ರು ಕೂತರು, ಎದ್ದರು, ಪಕ್ಕದ ಕುರ್ಚಿಯಲ್ಲಿ ಕೂತರು, ಮತ್ತೆ ಎದ್ದರು. ಕೊನೆಗೆ ಎರಡೂ ಕುರ್ಚಿಯ ನಡುವೆ ನಿಂತು ಕೈಮುಗಿದರು.

ಮೇಷ್ಟ್ರು: ಮೇಡಂ, ಮುಚ್ಚುಮರೆ ಬೇಡ. ಹೇಳಿಬಿಡ್ತೀನಿ. ಇಬ್ಬರೂ ನಾನೇ.

ಹೆಡ್ ಮೇಡಂ: ಗೊತ್ತು.

ಮೇಷ್ಟ್ರು: ಗೊತ್ತಾ! ಯಾವಾಗಿಂದ?

ಹೆಡ್ ಮೇಡಂ: ಮೊದಲನೇ ಪುಟದಿಂದ. ನಲವತ್ತೊಂದು ಜನರ ಹಾಜರಿ ಪುಸ್ತಕ ದಿನಾ ನೋಡೋಳು ನಾನು. ಭೂಗೋಳದ ಮುಂದೆ ಒಂದೇ ಸಹಿ ಇರುತ್ತೆ. ಅದೂ ಗಿಡ್ಡದು, ಹತ್ತು ನಿಮಿಷ ತಡವಾಗಿ.

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು.

ಮೇಷ್ಟ್ರು: ಅವರಿಗೆ ಗೊತ್ತು ಅಂತ ನಿನಗೂ ಗೊತ್ತಿತ್ತಾ?

ಹೆಂಡತಿ: ನಿನ್ನೆ ಮಧ್ಯಾಹ್ನದಿಂದ. “ಅವರಿಗೆ ಹೇಳ್ಬೇಡಿ” ಅಂದಿದ್ರು. ನಾನು ಇಬ್ಬರಿಗೂ ಹೇಳಲಿಲ್ಲ.

ಮೇಷ್ಟ್ರು: ಮತ್ತೆ ಈ ವಿಚಾರಣೆ, ಈ ಕುರ್ಚಿ, ಈ ಬೀನ್ಸು…

ಹೆಡ್ ಮೇಡಂ: ನಲವತ್ತೊಂದು ಫಾರಂ ಬಂತು. ನಲವತ್ತರಲ್ಲಿ ಎಲ್ಲರೂ ತೃಪ್ತಿಕರ. ಗಣಿತದವರು ಮಾತ್ರ ‘ಸಾಕಷ್ಟು ತೃಪ್ತಿಕರ’.

ಈಗ ಹೆಂಡತಿ ತಲೆಯೆತ್ತಿ ಫ್ಯಾನು ನೋಡತೊಡಗಿದರು. ಫ್ಯಾನು ತಿರುಗುತ್ತಿರಲಿಲ್ಲ.

ಹೆಡ್ ಮೇಡಂ: ಇಡೀ ಶಾಲೆಯಲ್ಲಿ ನಿಜ ಬರೆದಿದ್ದು ಇದೊಂದೇ ಫೈಲು. ಮೂರು ಸಲ ಓದಿದೆ.

ಮೇಷ್ಟ್ರ ಮುಖ ಅರಳಿತು. ಕೈ ತಾನಾಗಿಯೇ ಕಾಲರು ಸರಿಮಾಡಿಕೊಂಡಿತು.

ಮೇಷ್ಟ್ರು: ಹಾಗಾದ್ರೆ ವಿಭಾಗ ಉಳೀತು ಅನ್ನಿ!

ಹೆಡ್ ಮೇಡಂ: ತಡೀರಿ. ನಿಜ ಬರೆದಿದ್ದೀರಿ ಅಂದ್ಮೇಲೆ ದೂರೂ ನಿಜ ಅಲ್ವಾ? ಬರವಣಿಗೆಯಲ್ಲಿದೆ, ಸಹಿ ಇದೆ, ಬಾಲ ಸಮೇತ. ವರದಿ ಓದಿ ಮೇಡಂ.

ಹೆಂಡತಿ (ಓದುತ್ತ): “ಉಭಯತರನ್ನೂ ಬೇರೆ ಬೇರೆ ಕುರ್ಚಿಯಲ್ಲಿ ಕೂರಿಸಿ ವಿಚಾರಿಸಲಾಯಿತು. ಶಿಕ್ಷಕರು ಸ್ವಲ್ಪ ಸೋಮಾರಿ. ಆದರೆ ಆಸೆ ಸತ್ತಿಲ್ಲ. ಮುಖ್ಯಸ್ಥರು ಪುಕ್ಕಲು, ಹಲಗೆ ಮಾತ್ರ ಹೊಳೆಯುತ್ತದೆ. ಇವರಿಬ್ಬರೂ ಒಂದು ಕೋಣೆಯಲ್ಲಿ ಬಾಳುವುದು ಕಷ್ಟ. ಒಬ್ಬರನ್ನು ತೆಗೆಯುವುದು ಕ್ಷೇಮ.”

ಮೇಷ್ಟ್ರು: ಒಂದು ರಾಶಿ ಬೀನ್ಸ್ ಸೋಸಿಕೊಟ್ಟಿದ್ದಕ್ಕೆ ಇದಾ ಪ್ರತಿಫಲ?

ಹೆಂಡತಿ: ನಾರೆಲ್ಲ ಪಾತ್ರೆಗೆ ಹಾಕಿದ್ರಿ, ಕಾಯೆಲ್ಲ ಕಸಕ್ಕೆ. ಅದನ್ನ ವರದಿಯಲ್ಲಿ ಬರೀಲಿಲ್ಲವಲ್ಲ, ಸಂತೋಷ ಪಡಿ.

ಹೆಡ್ ಮೇಡಂ: ಒಬ್ಬರು ಹೋಗಲೇಬೇಕು. ಯಾರು ಅಂತ ನೀವೇ ಹೇಳಿ. ಮುಖ್ಯಸ್ಥರಾ, ಶಿಕ್ಷಕರಾ?

ಮೇಷ್ಟ್ರು ಎರಡೂ ಖಾಲಿ ಕುರ್ಚಿಗಳನ್ನು ನೋಡಿದರು. ಮನಸ್ಸು ತೂಗಲು ಕೂತಿತು. ಶಿಕ್ಷಕ ಹೋದರೆ ಪಾಠಕ್ಕೆ ಬೇರೆ ಯಾರೋ ಬರುತ್ತಾರೆ. ತಾವು ತೋಳಿನ ಕುರ್ಚಿಯಲ್ಲಿ ಕೂತು ಅವರ ಮೇಲೆ ಟಿಪ್ಪಣಿ ಬರೆಯಬಹುದು, ಬಾಲದ ಸಹಿ ಹಾಕಬಹುದು. ಮುಖ್ಯಸ್ಥ ಹೋದರೆ ಕೋಣೆಗೆ ಕತ್ತಿ ಗುರಾಣಿ ಬರುತ್ತವೆ, ನಕ್ಷೆಗಳ ಮೇಲೆ ಕಿರೀಟ ಕೂರುತ್ತದೆ. ತಟ್ಟೆ ಕುರ್ಚಿಯ ಕಡೆಗೇ ವಾಲಿತ್ತು. ಅಷ್ಟರಲ್ಲಿ ಕಿಟಕಿಯಾಚೆ ಒಂಬತ್ತನೇ ಕ್ಲಾಸಿನ ಮಕ್ಕಳು ಬ್ಯಾಗು ಹೊತ್ತು ಒಳಗೆ ಹೋಗುವುದು ಕಾಣಿಸಿತು. ಮೊದಲ ಪಿರಿಯಡ್ಡು ಅವರದೇ. ಪಾಠವೂ ಅದೇ, ನದಿಯ ತಿರುವು. ಇನ್ನು ಹತ್ತು ನಿಮಿಷಕ್ಕೆ ಬೋರ್ಡಿನ ಮೇಲೆ ಹತ್ತನೆಯ ವರ್ಷದ ಹಾವು ಏಳುವುದಿತ್ತು.

ಜೇಬಿನಿಂದ ಕೀಲಿಕೈ ತೆಗೆದು ಗಾಜಿನ ಮೇಲಿಟ್ಟರು. ಠಣ್ ಎಂದಿತು.

ಮೇಷ್ಟ್ರು: ಮುಖ್ಯಸ್ಥರು ಹೋಗ್ಲಿ ಮೇಡಂ.

ಹೆಡ್ ಮೇಡಂ: ಯೋಚನೆ ಮಾಡಿ ಹೇಳ್ತಿದ್ದೀರಾ? ಹದಿನಾಲ್ಕು ವರ್ಷ ಇದ್ದವರು.

ಮೇಷ್ಟ್ರು: ಇದ್ರು, ಅಷ್ಟೇ. ಬಿದ್ದುಹೋದ್ರೂ ಮಕ್ಕಳಿಗೆ ಗೊತ್ತಾಗಲ್ಲ. ಇನ್ನೊಬ್ಬನಾದ್ರೆ ತಡವಾಗಿಯಾದ್ರೂ ಕ್ಲಾಸಿಗೆ ಹೋಗ್ತಾನೆ.

ಹೆಡ್ ಮೇಡಂ ಪೆನ್ನು ತೆಗೆದು ಎರಡು ಸಾಲು ಬರೆದು ಮೊಹರು ಒತ್ತಿದರು. ಭೂಗೋಳ ವಿಭಾಗದ ಮುಖ್ಯಸ್ಥರನ್ನು ಆ ಹುದ್ದೆಯಿಂದ ಬಿಡುಗಡೆ ಮಾಡಿಯಾಯಿತು. ಮೇಷ್ಟ್ರು ಬಾಗಿಲವರೆಗೆ ನಡೆದರು. ಹೆಗಲು ಹಗುರಾಯಿತೋ ಖಾಲಿಯಾಯಿತೋ ತಿಳಿಯಲಿಲ್ಲ.

ಹೆಡ್ ಮೇಡಂ: ಎಲ್ಲಿಗೆ ಹೊರಟ್ರಿ? ಮುಗಿದಿಲ್ಲ. ಗಣಿತ ಮೇಡಂ, ಮುಖ್ಯಸ್ಥರ ಜಾಗ ತೆರವಾದರೆ ನಿಯಮ ಏನು?

ಹೆಂಡತಿ: ವಿಭಾಗದ ಅತಿ ಹಿರಿಯ ಶಿಕ್ಷಕರು ಪ್ರಭಾರ ವಹಿಸ್ಕೊಳ್ಳಬೇಕು ಮೇಡಂ. ಬೇರೆ ಏರ್ಪಾಡು ಆಗೋವರೆಗೆ.

ಹೆಡ್ ಮೇಡಂ: ಭೂಗೋಳದಲ್ಲಿ ಅತಿ ಹಿರಿಯರು ಯಾರು, ಪಟ್ಟಿ ನೋಡಿ.

ಪಟ್ಟಿಯಲ್ಲಿ ಇದ್ದದ್ದು ಒಂದೇ ಸಾಲು. ಹೆಂಡತಿ ಅದರ ಮೇಲೆ ಬೆರಳಿಟ್ಟು, ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ, ಸಾವಕಾಶವಾಗಿ ಹುಡುಕಿದರು.

ಹೆಂಡತಿ: ಒಬ್ಬರು ಸಿಕ್ಕಿದ್ರು ಮೇಡಂ.

ಕೀಲಿಕೈ ಗಾಜಿನ ಮೇಲೆ ಜಾರಿಕೊಂಡು ವಾಪಸು ಬಂತು.

ಹೆಡ್ ಮೇಡಂ: ಪ್ರಭಾರ ಮಾತ್ರ, ಖಾಯಂ ಅಲ್ಲ. ನಾನು ಯಾವಾಗ ಬೇಕಾದ್ರೂ ತೆಗೀಬಹುದು. ಹಳೆಯವರು ತಿರಸ್ಕರಿಸಿದ ಅರ್ಜಿಗಳನ್ನ ಹೊಸಬರು ಈ ವಾರದೊಳಗೆ ಮತ್ತೆ ನೋಡಬೇಕು. ಒಂಬತ್ತಿವೆಯಂತೆ.

ಮೇಷ್ಟ್ರು: ಒಂಬತ್ತೂ ಒಂದೇ ಅರ್ಜಿ ಮೇಡಂ.

ಹೆಡ್ ಮೇಡಂ: ಹಾಗಾದ್ರೆ ಕೆಲಸ ಬೇಗ ಆಗುತ್ತೆ. ಶನಿವಾರ ಇಟ್ಕೊಳ್ಳಿ. ಸಹಿ ಯಾರದ್ದು ಅಂತ ಯಾರಾದ್ರೂ ಕೇಳಿದ್ರೆ ನನ್ನದೂ ಇರುತ್ತೆ ಕೆಳಗೆ. ಐವತ್ತು ಮಕ್ಕಳಿಗೆ ಒಬ್ಬರು ಸಾಲಲ್ಲ. ಗಣಿತ ಮೇಡಂ ಜೊತೆಗೆ ಬರ್ತಾರೆ.

ಹೆಂಡತಿ: ನಾನಾ? ಮೇಡಂ, ನನ್ನ ವಿಭಾಗ…

ಹೆಡ್ ಮೇಡಂ: ಸಾಕಷ್ಟು ತೃಪ್ತಿಕರವಾಗಿದೆ. ಒಂದು ದಿನ ನೀವಿಲ್ಲದಿದ್ರೂ ನಡೆಯುತ್ತೆ.

ಫ್ಯಾನು ನೋಡುವ ಸರದಿ ಈಗ ಮೇಷ್ಟ್ರದ್ದು.

ಶನಿವಾರ ಮಳೆ ಬರಲಿಲ್ಲ. ಯಾರೂ ಜಾರಲಿಲ್ಲ, ಮೇಷ್ಟ್ರೊಬ್ಬರನ್ನು ಬಿಟ್ಟು. ಗುಡ್ಡದ ತುದಿಯಲ್ಲಿ ಪ್ಯಾಂಟಿನ ಮಣ್ಣು ಕೊಡವಿಕೊಳ್ಳುತ್ತ, “ನೋಡಿ ಮಕ್ಕಳೇ, ಇದೇ ನದಿ” ಎಂದು ಕೈ ಚಾಚಿದರು. ಎರಡು ಜಡೆಯ ಒಬ್ಬ ಹುಡುಗಿ ಬಹಳ ಹೊತ್ತು ನೋಡಿ, “ಸಾರ್, ಹಾವಿನ ಥರ ಇಲ್ಲವಲ್ಲ. ಒಂದು ಕಡೆ ಮಣ್ಣು ಕೊರೀತಿದೆ, ಇನ್ನೊಂದು ಕಡೆ ತಂದು ಗುಡ್ಡೆ ಹಾಕ್ತಿದೆ. ಬೋರ್ಡ್ ಮೇಲೆ ನೀವು ಎರಡೂ ಕಡೆ ಒಂದೇ ಥರ ಬರೆದಿದ್ರಿ” ಎಂದಳು. ಮೇಷ್ಟ್ರು ವಾಡಿಕೆಯಂತೆ ಗಡಿಯಾರ ನೋಡಲು ಕೈಯೆತ್ತಿದರು. ಆಮೇಲೆ ಕೈ ಕೆಳಗಿಳಿಸಿ, “ಹೌದಮ್ಮ, ತಪ್ಪು ಬರೆದಿದ್ದೆ. ಹತ್ತು ವರ್ಷ” ಎಂದು ಅವಳ ಪಕ್ಕ ಹುಲ್ಲಿನ ಮೇಲೆ ಕೂತರು. ಪ್ರಶ್ನೆಗಳು ಮುಗಿದು ಗುಡ್ಡ ಇಳಿಯುವಷ್ಟರಲ್ಲಿ ಸೂರ್ಯನೂ ಇಳಿದಿದ್ದ.

ಮನೆಯಲ್ಲಿ ಇಬ್ಬರೂ ಎದುರುಬದುರು ಕೂತು ಬಿಸಿನೀರಿನ ಬಕೆಟ್ಟಿನೊಳಗೆ ಕಾಲಿಟ್ಟುಕೊಂಡಿದ್ದರು. ನಾಲ್ಕು ಕಾಲಿಗೆ ಒಂದೇ ಬಕೆಟ್ಟು. ಅಲ್ಲೂ ಜಾಗಕ್ಕೆ ಜಗಳ.

ಹೆಂಡತಿ: ಒಂದು ಮಾತು ಕೇಳ್ತೀನಿ, ಶಿಕ್ಷಕರಾಗಿ ಉತ್ತರ ಕೊಡಿ. ಪ್ರಾಮಾಣಿಕವಾಗಿ.

ಮೇಷ್ಟ್ರು: ಕೇಳು. ಕುರ್ಚಿ ಬದಲಾಯಿಸು ಅಂತ ಮಾತ್ರ ಹೇಳ್ಬೇಡ.

ಹೆಂಡತಿ: ನಿಮ್ಮ ಹೊಸ ಮುಖ್ಯಸ್ಥರು ಹೇಗಿದ್ದಾರೆ?

ಮೇಷ್ಟ್ರು ಊದಿದ ಪಾದವನ್ನು ನೀರಿನಿಂದೆತ್ತಿ ಒಮ್ಮೆ ನೋಡಿಕೊಂಡು, ಮತ್ತೆ ಮುಳುಗಿಸಿದರು.

ಮೇಷ್ಟ್ರು: ಹಳಬನೇ ವಾಸಿ ಕಣೇ. ಅವನು ತಾನೂ ಕುರ್ಚಿ ಬಿಟ್ಟು ಏಳ್ತಿರಲಿಲ್ಲ, ನನ್ನನ್ನೂ ಏಳಿಸ್ತಿರಲಿಲ್ಲ. ಈ ಬಡ್ಡೀಮಗ ಸೋಮವಾರ ಎಂಟನೇ ಕ್ಲಾಸನ್ನ ಕರ್ಕೊಂಡು ಮತ್ತೆ ಗುಡ್ಡ ಹತ್ತು ಅಂತಿದ್ದಾನೆ!